ಗೃಹಚಿಂತನೆ: ಹೋಳು ಯಾರಿಗೆ, ಗೊರಟೆ ಯಾರಿಗೆ?

ವೈಶಾಖವು ಕಳೆದು ಜ್ಯೇಷ್ಠವು ಕಾಲಿಡುವ ದಿನಗಳಲ್ಲಿ ನಮ್ಮ ನಾಡಿನ ಮನೆಮನೆಯಲ್ಲಿಯೂ ಮಾವಿನಹಣ್ಣಿನ ಬುಟ್ಟಿಯು ಇಳಿಯುವುದು. ಹಣ್ಣು ರಸಪುರಿಯಾಗಲಿ, ಬಾದಾಮಿಯಾಗಲಿ, ಮಲಗೋಬವಾಗಲಿ, ಅದನ್ನು ಹೆಚ್ಚಿ ಹಂಚುವ ಕ್ರಮವು ಮಾತ್ರ ಎಲ್ಲೆಡೆಯಲ್ಲಿಯೂ ಒಂದೇ. ಎರಡು ಮಗ್ಗುಲಿನ ದಪ್ಪ ಹೋಳುಗಳು ಮಕ್ಕಳ ತಟ್ಟೆಗೆ ಬೀಳುವುವು. ಅಂಚಿನ ತೆಳು ಹೋಳುಗಳು ಯಜಮಾನನಿಗೆ. ಗೊರಟೆಯು ಹೆಚ್ಚಿದವಳ ಕೈಯಲ್ಲಿಯೇ ಉಳಿಯುವುದು. ಏಕಮ್ಮಾ ಎಂದರೆ, "ನನಗೆ ಗೊರಟೆಯೇ ಇಷ್ಟ" ಎಂಬ ಉತ್ತರವು ಸಿದ್ಧವಾಗಿರುವುದು. ಈ ಮಾತನ್ನು ಕೇಳದ ವಾಚಕರು ಯಾರಿರುವರು? ಆದರೆ ಕೇಳಿದವರಲ್ಲಿ ಎಷ್ಟು ಮಂದಿ ಅದು ನಿಜವೆ ಎಂದು ಒಮ್ಮೆಯಾದರೂ ಪರೀಕ್ಷಿಸಿ ನೋಡಿರುವರು?

ಗೊರಟೆಯೊಂದೇ ಅಲ್ಲ. ತಳಹಿಡಿದ ಅನ್ನ, ಮುರಿದ ಒಬ್ಬಟ್ಟು, ಕಾವಲಿಗೆ ಅಂಟಿಕೊಂಡು ಹರಿದ ಮೊದಲನೆಯ ದೋಸೆ, ಕೆನೆಯನ್ನು ತೆಗೆದ ಮೇಲೆ ಉಳಿದ ಮೊಸರು, ಇವುಗಳೆಲ್ಲವೂ ನಮ್ಮ ತಾಯಂದಿರಿಗೆ "ಇಷ್ಟ"ವಾದ ಪದಾರ್ಥಗಳು! ಬಡಗಣ ಸೀಮೆಯಲ್ಲಿ ಬಿಸಿ ರೊಟ್ಟಿಯು ಹಂಚಿನಿಂದ ನೇರವಾಗಿ ಕುಳಿತವರ ತಟ್ಟೆಗೆ ಬರುವುದು. ಬಡಿದವಳ ಪಾಲಿಗೆ ಬರುವಾಗ ಅದು ಆರಿ ಬಿರುಸಾಗಿರುವುದು. ಹಬ್ಬದ ದಿನ ಹದಿನಾರು ಮಂದಿಗೆ ಬಡಿಸಿದವಳು ತಾನು ಎಲೆಯ ಮುಂದೆ ಕುಳಿತಾಗ ಪಾಯಸದ ಪಾತ್ರೆಯಲ್ಲಿ ಸೌಟಿಗೆ ಹತ್ತುವಷ್ಟು ಮಾತ್ರ ಇರುವುದುಂಟು.

ತಾಯಿಯ ತ್ಯಾಗವನ್ನು ಹೊಗಳುವುದು ನಮ್ಮ ಈಗಿನ ಉದ್ದೇಶವಲ್ಲ. ಹೊಗಳಿಕೆಯು ಬೇಕಾದಷ್ಟು ನಡೆದಿದೆ, ಮತ್ತು ಹೊಗಳಿದವರು ಹೊಗಳುತ್ತಲೇ ಹೋಳುಗಳನ್ನು ಮುಗಿಸಿರುವರು. ಆ ತ್ಯಾಗವು ಮಕ್ಕಳ ಬುದ್ಧಿಯಲ್ಲಿ ಏನನ್ನು ಬಿತ್ತುವುದೆಂಬುದೇ ನಮ್ಮ ಚಿಂತೆ. ಐದು ವರುಷದ ಬಾಲಕನು ತಾಯಿಗೆ ಗೊರಟೆಯೇ ಪ್ರಿಯವೆಂದು ನಂಬಿದರೆ ಅದು ಮುಗ್ಧತೆ. ನಲವತ್ತೈದು ವರುಷದ ಗೃಹಸ್ಥನಾದ ಮೇಲೆಯೂ ಅವನು ಹಾಗೆಯೇ ನಂಬಿಕೊಂಡಿರುವನು. ಅವನು ದುಷ್ಟನಲ್ಲ, ತಾಯಿಗೆ ಔಷಧ ತರುವನು, ಸೀರೆ ತರುವನು, ಕಾಶೀಯಾತ್ರೆಗೂ ಕಳುಹಿಸುವನು. ಆದರೆ ಊಟದ ಹೊತ್ತಿಗೆ ಕೆನೆಮೊಸರು ತನ್ನ ಕಡೆಗೆ ಬಂದಾಗ ಅದು ತಾಯಿಯ ಕಡೆಗೆ ಹೋಗಬಹುದೆಂಬ ಆಲೋಚನೆಯೇ ಅವನಿಗೆ ಹೊಳೆಯದು. ಅವನಿಗೆ ಹೃದಯದ ಕೊರತೆಯಿಲ್ಲ, ಅಭ್ಯಾಸದ ಕೊರತೆಯಿದೆ. ಆ ಅಭ್ಯಾಸವನ್ನು ತಪ್ಪಿಸಿದವರು ಯಾರು? ಕೇಳಲು ಕಠಿನವಾದರೂ ಹೇಳಲೇಬೇಕು: ಅನೇಕ ಮನೆಗಳಲ್ಲಿ ತಂದೆತಾಯಿಗಳೇ.

ಶಿಶುವನ್ನು ಗಮನಿಸಿರಿ. ಹಲ್ಲು ಮೂಡಿ ನಡೆಯಲು ಕಲಿತ ಕೂಸು ತಾನು ಅರ್ಧ ಚೀಪಿದ ಬಿಸ್ಕತ್ತನ್ನು ತಾಯಿಯ ಬಾಯಿಗೆ ತುರುಕುವುದು. ಹಾಗೆ ಮಾಡೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಈಚಿನ ಪಾಶ್ಚಾತ್ಯ ಪಂಡಿತರು ಇದನ್ನು ಕ್ರಮವಾಗಿ ಪರೀಕ್ಷೆಗೆ ಒಳಪಡಿಸಿರುವರು. ೨೦೧೨ರಲ್ಲಿ ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಪರೀಕ್ಷೆಯಲ್ಲಿ ಎರಡು ವರುಷ ತುಂಬದ ಮಕ್ಕಳು ತಿಂಡಿಯನ್ನು ಪಡೆಯುವಾಗಿಗಿಂತ ಕೊಡುವಾಗ ಹೆಚ್ಚು ಹರ್ಷವನ್ನು ತೋರಿದರು. ತಮ್ಮ ಪಾಲಿನಿಂದಲೇ ತೆಗೆದು ಕೊಡುವಾಗಲಂತೂ ಇನ್ನೂ ಹೆಚ್ಚು. ೨೦೨೦ರಲ್ಲಿ ಅಮೆರಿಕೆಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಹತ್ತೊಂಬತ್ತು ತಿಂಗಳ ಕೂಸುಗಳ ಮುಂದೆ ಅಪರಿಚಿತನೊಬ್ಬನನ್ನು ಕುಳ್ಳಿರಿಸಿ, ಅವನ ಕೈಯಿಂದ ಹಣ್ಣಿನ ತುಂಡು ಜಾರಿಬೀಳುವಂತೆ ಮಾಡಿದರು. ಆತನು ಬೇಕೆಂದು ಕೈಚಾಚಿ ಎಟುಕದೆ ತವಕಿಸಿದಾಗ ನೂರಕ್ಕೆ ಸುಮಾರು ೫೮ ಕೂಸುಗಳು ಹಣ್ಣನ್ನೆತ್ತಿ ಕೊಟ್ಟುವು. ತಮ್ಮ ಊಟದ ಹೊತ್ತಾಗಿ ಹಸಿದಿದ್ದ ಕೂಸುಗಳಲ್ಲಿಯೂ ನೂರಕ್ಕೆ ಸುಮಾರು ೩೭ ಹಾಗೆಯೇ ಮಾಡಿದುವು. ಆದರೆ, ಇದೇ ನಮ್ಮ ವಾಚಕಿಯರು ಗಮನಿಸತಕ್ಕ ಅಂಶ, ಆತನು ಹಣ್ಣನ್ನು ತಾನಾಗಿಯೇ ಹಾಕಿ ಬೇಡವೆಂಬಂತೆ ಸುಮ್ಮನೆ ಕುಳಿತಾಗ ನೂರಕ್ಕೆ ನಾಲ್ಕು ಕೂಸುಗಳು ಮಾತ್ರ ಎತ್ತಿಕೊಟ್ಟುವು.

ಬೇಕೆಂದವರಿಗೆ ಶಿಶುವು ಕೊಡುವುದು, ಬೇಡವೆಂದವರಿಗೆ ಕೊಡದು. ಹೀಗಿರುವಾಗ, "ಬೇಡ ಕಂದಾ, ನೀನೇ ತಿನ್ನು" ಎಂದು ದಿನಕ್ಕೆ ಹತ್ತು ಬಾರಿ ಕೇಳಿಸಿಕೊಂಡು ಬೆಳೆದ ಮಗುವಿನ ಕೈಯು ಎಷ್ಟು ಕಾಲ ಚಾಚಿಕೊಂಡೇ ಇದ್ದೀತು? ಎರಡು ಮೂರು ವರುಷಗಳಲ್ಲಿ ಅದು ಹಿಂದಕ್ಕೆ ಸರಿಯುವುದು. ಕೆಲವು ಅಜ್ಜಿಯರು ಬಾಯನ್ನು ಅಗಲವಾಗಿ ತೆರೆದು, ತಿಂದಂತೆ ನಟಿಸಿ, ತುತ್ತನ್ನು ಮತ್ತೆ ಮಗುವಿನ ಬಾಯಿಗೇ ಹಾಕುವರು. ಅದೂ ನಮಗೆ ಒಪ್ಪಿಗೆಯಿಲ್ಲ. ಕೂಸು ಕೊಟ್ಟುದು ತುತ್ತಾದರೆ ತಿನ್ನತಕ್ಕದ್ದು ತುತ್ತೇ. ಎಂಜಲೆಂದು ಮುಖ ಸಿಂಡರಿಸುವವರು ಆ ಎಂಜಲಿನ ಕೂಸಿಗೆ ಮುತ್ತಿಡುವುದನ್ನೂ ಬಿಡಬೇಕಾದೀತು.

ನಮ್ಮ ಗ್ರಂಥಗಳಲ್ಲಿ ಈ ವಿಷಯವು ಎಲ್ಲಿ ಬಂದಿದೆಯೆಂದರೆ ಜನರು ಕೂಡಲೇ ಶ್ರವಣಕುಮಾರನನ್ನು ಹೆಸರಿಸುವರು. ಅವನ ಕತೆಯು ದೊಡ್ಡದೇ. ಆದರೆ ಕಾವಡಿ ಹೊರುವ ಸಂದರ್ಭವು ಯಾರ ಮನೆಯಲ್ಲಿಯೂ ಒದಗದು. ನಿತ್ಯದ ಗೃಹಕೃತ್ಯಕ್ಕೆ ಹತ್ತಿರವಾದುದು ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಯನಿಗೆ ಹೇಳಿದ ಧರ್ಮವ್ಯಾಧನ ಉಪಾಖ್ಯಾನ. ಕೌಶಿಕನೆಂಬ ಬ್ರಾಹ್ಮಣನು ಮರದಡಿಯಲ್ಲಿ ವೇದಾಧ್ಯಯನ ಮಾಡುತ್ತಿರುವಾಗ ಮೇಲಿದ್ದ ಕೊಕ್ಕರೆಯು ಅವನ ಮೇಲೆ ಹಿಕ್ಕೆ ಹಾಕಿತು. ಅವನು ಕೋಪದಿಂದ ನೋಡಿದ ಮಾತ್ರಕ್ಕೆ ಅದು ಸತ್ತು ಬಿದ್ದಿತು. ಅನಂತರ ಭಿಕ್ಷೆಗೆ ಹೋದಲ್ಲಿ ಗೃಹಿಣಿಯೊಬ್ಬಳು ಹಸಿದು ಬಂದ ಪತಿಗೆ ಮೊದಲು ಉಣಬಡಿಸಿ, ತಡಮಾಡಿ ಭಿಕ್ಷೆಯನ್ನು ತಂದಳು. ಇವನು ಸಿಟ್ಟಾದಾಗ, ತಾನು ಆ ಕೊಕ್ಕರೆಯಲ್ಲವೆಂದು ಆಕೆಯು ಶಾಂತವಾಗಿ ತಿಳಿಸಿ, ಧರ್ಮವನ್ನರಿಯಬೇಕಾದರೆ ಮಿಥಿಲೆಯಲ್ಲಿರುವ ವ್ಯಾಧನ ಬಳಿಗೆ ಹೋಗೆಂದು ಕಳುಹಿಸಿದಳು.

ಮಿಥಿಲೆಯಲ್ಲಿ ಕೌಶಿಕನು ಕಂಡುದು ಮಾಂಸದ ಅಂಗಡಿಯಲ್ಲಿ ಕುಳಿತು ವ್ಯಾಪಾರಮಾಡುವವನನ್ನು. ಆತನು ಬಹಳ ಹೊತ್ತು ಧರ್ಮಸೂಕ್ಷ್ಮಗಳನ್ನು ಹೇಳಿದ ಮೇಲೆ, ತನಗೆ ಸಿದ್ಧಿಯನ್ನು ಕೊಟ್ಟ ಪ್ರತ್ಯಕ್ಷಧರ್ಮವನ್ನು ತೋರಿಸುವೆನೆಂದು ಒಳಗೆ ಕರೆದೊಯ್ದನು. ಒಳಗೆ ಏನಿದ್ದಿತು? ದೇವರ ಮಂಟಪವಲ್ಲ; ಶುಭ್ರವಸ್ತ್ರವನ್ನುಟ್ಟು, ಊಟ ಮುಗಿಸಿ, ಒಳ್ಳೆಯ ಆಸನಗಳಲ್ಲಿ ತೃಪ್ತಿಯಿಂದ ಕುಳಿತ ಮುದುಕ ಮುದುಕಿಯರು. ಇವರೇ ತನ್ನ ದೈವವೆಂದು ಹೇಳಿ ವ್ಯಾಧನು ತನ್ನ ಉಪಾಸನೆಯ ಕ್ರಮವನ್ನು ವಿವರಿಸುವನು: ಹೆಂಡತಿ ಮಕ್ಕಳೊಡನೆ ನಿತ್ಯವೂ ಇವರ ಸೇವೆ ಮಾಡುವನಂತೆ, ತಾನೇ ಮೀಯಿಸುವನು, ತಾನೇ ಕಾಲು ತೊಳೆಯುವನು, ತಾನೇ ಅನ್ನವನ್ನು ಕೊಡುವನು, ಅವರಿಗೆ ಅಪ್ರಿಯವಾದ ಮಾತನ್ನು ಆಡುವುದಿಲ್ಲ. ಮೂಲದಲ್ಲಿ "ಸ್ವಯಂ" ಎಂಬ ಪದವು ಎರಡು ಬಾರಿ ಬಂದಿರುವುದನ್ನು ನಾವು ಪಾಠ ಹೇಳುವಾಗಲೆಲ್ಲ ಬೆರಳಿಟ್ಟು ತೋರಿಸುತ್ತಿದ್ದೆವು. ಅವನಿಗೆ ಹೆಂಡತಿಯಿದ್ದಳು, ಮಕ್ಕಳಿದ್ದರು, ಹೇಳಿದರೆ ಮಾಡುತ್ತಿದ್ದರು. ಆದರೂ ಅನ್ನವನ್ನು ಕೊಡುವ ಕೈಯು ಅವನದೇ. ಅತ್ತೆಮಾವಂದಿರಿಗೆ ಸೊಸೆಯು ಸರಿಯಾಗಿ ಬಡಿಸಲಿಲ್ಲವೆಂದು ದೂರುವ ಗಂಡಸರು ಈ ಭಾಗವನ್ನು ಎರಡು ಸಾರಿ ಓದತಕ್ಕದ್ದು.

ಕೌಶಿಕನ ಗತಿಯೇನಾಯಿತು? ನೀನು ತಂದೆತಾಯಿಗಳ ಅನುಮತಿಯಿಲ್ಲದೆ ವೇದಾಧ್ಯಯನಕ್ಕೆಂದು ಮನೆಬಿಟ್ಟು ಬಂದೆ, ನಿನಗಾಗಿ ಶೋಕಿಸಿ ಆ ವೃದ್ಧರು ಕಣ್ಣು ಕಳೆದುಕೊಂಡಿರುವರು, ಹಿಂದಿರುಗಿ ಅವರನ್ನು ಸಂತೋಷಪಡಿಸೆಂದು ವ್ಯಾಧನು ಹೇಳಿದನು. ಬ್ರಾಹ್ಮಣನು ಒಪ್ಪಿ ಹೊರಟನು. ಅಧ್ಯಯನಶೀಲನಾದವನಿಗೆ ಅಂಗಡಿಯವನು ಗುರುವಾದನೆಂಬುದನ್ನೇ ಎಲ್ಲರೂ ಎತ್ತಿ ಹೇಳುವರು. ಆ ಬ್ರಾಹ್ಮಣನಿಗೆ ಎರಡು ಬಾರಿಯೂ ಬುದ್ಧಿ ಬಂದುದು ಒಂದು ಮನೆಯಲ್ಲಿ ಇನ್ನೊಬ್ಬರಿಗೆ ಅನ್ನವಿಕ್ಕುವವರಿಂದ ಎಂಬುದನ್ನು ಹೇಳುವವರು ಕಡಿಮೆ.

ಇನ್ನು ಊಟದ ಸರದಿಯ ವಿಚಾರ. ಮನೆಯೊಡತಿಯು ಕೊನೆಗೆ ಉಣ್ಣತಕ್ಕದ್ದು ಶಾಸ್ತ್ರವೆಂದು ಹೇಳಿ ಬಾಯಿ ಮುಚ್ಚಿಸುವವರನ್ನು ನಾವು ಕಂಡಿದ್ದೇವೆ. ಯಾವ ಶಾಸ್ತ್ರ? ಮನುಸ್ಮೃತಿಯ ಮೂರನೆಯ ಅಧ್ಯಾಯವನ್ನು ತೆರೆದು ನೋಡಿದರೆ, ಹೊಸದಾಗಿ ಬಂದ ಸೊಸೆಯರಿಗೂ, ಹೆಣ್ಣುಮಕ್ಕಳಿಗೂ, ರೋಗಿಗಳಿಗೂ, ಗರ್ಭಿಣಿಯರಿಗೂ ಅತಿಥಿಗಳಿಗಿಂತ ಮುಂಚೆಯೇ ಸಂಕೋಚವಿಲ್ಲದೆ ಉಣಬಡಿಸೆಂದಿದೆ. ಉಳಿದವರೆಲ್ಲರೂ ಉಂಡ ಮೇಲೆ ಮಿಕ್ಕುದನ್ನು ಉಣ್ಣಬೇಕಾದವರು ಯಾರೆಂಬಲ್ಲಿ ಪ್ರಯೋಗವಾಗಿರುವುದು ದಂಪತಿಗಳೆಂಬ ದ್ವಿವಚನ. ಏಕವಚನವಲ್ಲ! ಗಂಡನೂ ಹೆಂಡತಿಯೂ ಕೂಡಿ ಮಿಕ್ಕುದನ್ನು ಉಣ್ಣಬೇಕು. ಹಾಗೆ ಇತರರು ಉಂಡು ಉಳಿದ ಅನ್ನಕ್ಕೆ ವಿಘಸವೆಂದೂ, ಯಜ್ಞದಲ್ಲಿ ಉಳಿದುದಕ್ಕೆ ಅಮೃತವೆಂದೂ ಹೆಸರು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇದು ಗೊತ್ತು. ಆ ದ್ವಿವಚನದಲ್ಲಿ ಅರ್ಧವು ಯಾವಾಗಲೋ ಮೆಲ್ಲನೆ ಎದ್ದು ಮೊದಲ ಪಂಕ್ತಿಗೆ ಹೋಗಿ ಕುಳಿತುಬಿಟ್ಟಿತು. ಇನ್ನರ್ಧವು ಅಡಿಗೆಯ ಮನೆಯಲ್ಲಿಯೇ ಉಳಿಯಿತು. ವ್ಯಾಕರಣವನ್ನು ಕೆಡಿಸಿದರೆ ಸಂಸಾರವೂ ಕೆಡುವುದೆಂದು ನಾವು ತರಗತಿಯಲ್ಲಿ ಹಾಸ್ಯಕ್ಕೆ ಹೇಳುತ್ತಿದ್ದುದುಂಟು.

ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರುವು ವಿದ್ಯೆ ಮುಗಿಸಿದ ಶಿಷ್ಯನಿಗೆ ತಾಯಿತಂದೆಗಳನ್ನು ದೇವರಂತೆ ಕಾಣೆಂದು ಅನುಶಾಸನ ಮಾಡುವುದನ್ನು ಎಲ್ಲರೂ ಬಲ್ಲರು. ಅದೇ ಉಪನಿಷತ್ತಿನ ಕೊನೆಯ ವಲ್ಲಿಯಲ್ಲಿ ಭೃಗುವು ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ಕೇಳಿ, ತಪಸ್ಸು ಮಾಡಿ ಮೊದಲು ಅರಿತುಕೊಂಡುದು ಅನ್ನವನ್ನು ಎಂಬುದನ್ನು ಅಷ್ಟಾಗಿ ಯಾರೂ ನೆನೆಯರು. ನಮ್ಮ ಹಳ್ಳಿಯವರ ಗಾದೆಯೂ ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲವೆಂದು ಅಡಿಗೆಯನ್ನೂ ತಾಯಿಯನ್ನೂ ಒಂದೇ ಉಸಿರಿನಲ್ಲಿ ಹೇಳುವುದು.

ಅನ್ಯದೇಶಗಳಲ್ಲಿ ಈ ಭಾವವು ಚೀನೀಯರಲ್ಲಿ ಇದ್ದಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನಮಗೆ ಕಂಡಿಲ್ಲ. ಅವರ ಪುರಾತನ ಇತಿಹಾಸಗ್ರಂಥವೊಂದರಲ್ಲಿ ಕ್ರಿ. ಪೂ. ೭೨೨ನೆಯ ವರುಷದ ವೃತ್ತಾಂತವಾಗಿ ಒಂದು ಪ್ರಸಂಗವಿದೆ. ಝೆಂಗ್ ಎಂಬ ಸೀಮೆಯ ದೊರೆಯ ತಾಯಿಯು ಕಿರಿಯ ಮಗನ ಪಕ್ಷವಹಿಸಿ ಹಿರಿಯನಾದ ದೊರೆಯ ಮೇಲೆ ಒಳಸಂಚು ನಡೆಸಿದಳು. ಸಂಚು ಮುರಿದು, ದೊರೆಯು ತಾಯಿಯನ್ನು ದೂರದ ಊರಿಗೆ ಕಳುಹಿಸಿ, ಭೂಮಿಯ ಕೆಳಗಿನ ಪ್ರೇತಲೋಕದಲ್ಲಿಯಲ್ಲದೆ ಇನ್ನು ನಿನ್ನ ಮುಖವನ್ನು ನೋಡೆನೆಂದು ಶಪಥ ಮಾಡಿದನು, ಬಳಿಕ ಪಶ್ಚಾತ್ತಾಪಪಟ್ಟನು. ಗಡಿಯ ಅಧಿಕಾರಿಯೊಬ್ಬನು ಒಮ್ಮೆ ದೊರೆಯ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದಾಗ ಮಾಂಸದ ತುಂಡುಗಳನ್ನು ತಿನ್ನದೆ ಒತ್ತಟ್ಟಿಗಿಟ್ಟನು. ಏಕೆಂದು ಕೇಳಲು, ತನ್ನ ತಾಯಿಯು ತನ್ನ ಮನೆಯ ಅಡಿಗೆಯೆಲ್ಲವನ್ನೂ ಉಂಡಿರುವಳು, ಅರಸನ ಮನೆಯ ರುಚಿಯನ್ನು ಕಂಡಿಲ್ಲ, ಆಕೆಗೆ ಒಯ್ಯುವೆನೆಂದನು. ನಿನಗೆ ಒಯ್ದು ಕೊಡಲು ತಾಯಿಯಿರುವಳು, ನನಗಿಲ್ಲವೆಂದು ದೊರೆಯು ಮರುಗಿದನು. ಆಗ ಆ ಅಧಿಕಾರಿಯು ನೀರು ಸಿಕ್ಕುವವರೆಗೆ ನೆಲವನ್ನು ತೋಡಿಸಿ ಸುರಂಗದಲ್ಲಿ ತಾಯಿಯನ್ನು ಕಂಡರೆ ಶಪಥಕ್ಕೆ ಭಂಗವಿಲ್ಲವೆಂದು ಉಪಾಯ ಹೇಳಿದನು. ತಾಯಿಮಕ್ಕಳು ಸುರಂಗದಲ್ಲಿ ಕೂಡಿಕೊಂಡರು. ಎರಡು ತುಂಡು ಮಾಂಸವನ್ನು ಎಲೆಯ ಅಂಚಿಗೆ ಸರಿಸಿದುದರ ಫಲ!

ಅದೇ ದೇಶದಲ್ಲಿ ಲೂ ಜಿ ಎಂಬ ಆರು ವರುಷದ ಬಾಲಕನು ದೊಡ್ಡವರ ಮನೆಗೆ ಹೋಗಿದ್ದಾಗ ಕೊಟ್ಟ ಕಿತ್ತಳೆಹಣ್ಣುಗಳಲ್ಲಿ ಮೂರನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು, ಹೊರಡುವಾಗ ನಮಸ್ಕರಿಸಲು ಬಾಗಿದೊಡನೆ ಅವು ಉರುಳಿ ಬಿದ್ದುವೆಂದೂ, ತಾಯಿಗೆಂದು ಇಟ್ಟುಕೊಂಡೆನೆಂದು ಅವನು ಹೇಳಿದನೆಂದೂ ಕತೆಯಿದೆ. ಇದನ್ನು ಓದಿದಾಗ ನಮಗೆ ನಮ್ಮದೇ ತರಗತಿಯ ಬಾಲಕನೊಬ್ಬನು ಕಣ್ಣಿಗೆ ಕಟ್ಟಿದನು. ಸ್ವಾತಂತ್ರ್ಯ ದಿನದ ಧ್ವಜವಂದನೆಯಾದ ಮೇಲೆ ಮಕ್ಕಳಿಗೆ ತಲೆಗೊಂದು ಲಾಡು ಹಂಚುವ ವಾಡಿಕೆ. ಎಲ್ಲರೂ ತಿಂದು ಕೈ ಒರಸಿಕೊಂಡರೂ ಇವನ ಬಿಳಿಯ ಅಂಗಿಯ ಜೇಬಿನಲ್ಲಿ ಎಣ್ಣೆಯ ಕಲೆ ಅಗಲವಾಗುತ್ತಿದ್ದಿತು. ಒಡನಾಡಿಗಳು ನಕ್ಕರು. ಮನೆಗೆ ಏಕೆ ಒಯ್ಯುವೆ ಎಂದು ಕೇಳಿದುದಕ್ಕೆ ಅವನು, "ಅವ್ವ ತಿನ್ನೂದನ್ನ ನೋಡಬೇಕು ಸಾರ್" ಎಂದನು. ಮರುದಿನ ವಿಚಾರಿಸಿದೆವು. ಅವ್ವ ಅರ್ಧವನ್ನು ತಾನು ತಿಂದು ಅರ್ಧವನ್ನು ಅವನಿಗೆ ಕೊಟ್ಟಳಂತೆ. ಆ ತಾಯಿಯು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಎಲ್ಲವನ್ನೂ ನೀನೇ ತಿನ್ನೆಂದು ಹೇಳಿ ಅವನ ಒಂದು ದಿನದ ತಪಸ್ಸನ್ನು ವ್ಯರ್ಥಮಾಡಬಾರದೆಂಬುದು ಆಕೆಗೆ ತಿಳಿದಿದ್ದಿತು.

ಕೊಡುವ ರೀತಿಯ ವಿಷಯದಲ್ಲಿ ಕನ್‌ಫ್ಯೂಷಿಯಸನು ಇನ್ನೂ ಕಟುವಾಗಿ ಮಾತನಾಡಿರುವನು. ತಂದೆತಾಯಿಗಳಿಗೆ ಅನ್ನ ಹಾಕುವುದನ್ನೇ ಜನರು ಪಿತೃಭಕ್ತಿಯೆನ್ನುವರು, ಆದರೆ ನಾಯಿಗೂ ಕುದುರೆಗೂ ಹಾಕುವೆವಲ್ಲವೆ, ಗೌರವವಿಲ್ಲದಿದ್ದರೆ ಭೇದವೇನು ಎಂಬುದು ಅವನ ಪ್ರಶ್ನೆ. ನಮ್ಮ ಸರ್ಕಾರವು ೨೦೦೭ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಕಾನೂನನ್ನು ಮಾಡಿ, ಪೋಷಣೆಯೆಂದರೆ ಅನ್ನ, ವಸ್ತ್ರ, ವಸತಿ, ವೈದ್ಯೋಪಚಾರಗಳೆಂದು ಅರ್ಥ ವಿವರಿಸಿ, ತಿಂಗಳಿಗೆ ೧೦,೦೦೦ ರೂಪಾಯಿಗಳನ್ನು ಮೀರದಂತೆ ಕೊಡಿಸಲು ನ್ಯಾಯಮಂಡಲಿಗಳನ್ನು ಏರ್ಪಡಿಸಿತು. ಇದು ಬೇಕಾಗಿದ್ದ ಕಾನೂನೇ. ಗತಿಯಿಲ್ಲದ ವೃದ್ಧರಿಗೆ ಇದರಿಂದ ಆಸರೆಯುಂಟು. ಆದರೆ ಮೂವರು ಗಂಡುಮಕ್ಕಳು ತಾಯಿಯನ್ನು ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಇಟ್ಟುಕೊಂಡು, ಮೂವತ್ತೊಂದನೆಯ ತಾರೀಖಿನ ರಾತ್ರಿಯ ಊಟವು ಯಾರದೆಂದು ಚರ್ಚೆ ಮಾಡುವ ಮನೆಗೆ ಯಾವ ನ್ಯಾಯಮಂಡಲಿಯು ಕೆನೆಮೊಸರನ್ನು ಬಡಿಸೀತು?

ದೂರದೇಶದಲ್ಲಿರುವ ಮಕ್ಕಳು ದೂರವಾಣಿಯ ಮೂಲಕವೇ ಇಲ್ಲಿಯ ಉಪಾಹಾರಗೃಹಕ್ಕೆ ತಿಳಿಸಿ ತಂದೆತಾಯಿಗಳ ಬಾಗಿಲಿಗೆ ಬಿಸಿ ತಿಂಡಿಯನ್ನು ತಲಪಿಸುವುದುಂಟು. ಕೆಲವರು ಇದನ್ನು ಹಾಸ್ಯಮಾಡುವರು. ನಾವು ಮಾಡೆವು. ಸಾವಿರಾರು ಮೈಲಿಗಳಾಚೆ ತಾನು ಏನನ್ನೋ ತಿನ್ನುವಾಗ ಇಲ್ಲಿಯವರ ನೆನಪು ಬರುವುದೇ ಸಾಮಾನ್ಯವಲ್ಲ. ಆದರೆ ಏನನ್ನು ಕಳುಹಿಸಬೇಕೆಂಬುದನ್ನು ಸ್ವಲ್ಪ ಯೋಚಿಸತಕ್ಕದ್ದು. ನಮಗೆ ರುಚಿಸಿದುದೇ ವೃದ್ಧರಿಗೂ ಉತ್ತಮವೆಂದು ತಿಳಿಯಬಾರದು. ವಯಸ್ಸಾದಂತೆ ನಾಲಗೆಯ ಮತ್ತು ಮೂಗಿನ ಚುರುಕು ತಗ್ಗುವುದು, ಬಾಯಾರಿಕೆಯೂ ಮೊದಲಿನಂತೆ ತೋರದು, ಹಲ್ಲುಗಳು ಕೈಕೊಟ್ಟಿರುವುವು. ಅವರ ಪಾಲಿಗೆ ಉತ್ತಮವಾದ ಆಹಾರವೆಂದರೆ ಮೆತ್ತಗೆ ಬೆಂದುದು, ಬಿಸಿಯಾಗಿರುವುದು, ಹೊತ್ತಿಗೆ ಸರಿಯಾಗಿ ಬರುವುದು. ರಾತ್ರಿ ಒಂಬತ್ತೂವರೆಗೆ ಬರುವ ಭಕ್ಷ್ಯಕ್ಕಿಂತ ಏಳು ಗಂಟೆಗೆ ಬರುವ ಬಿಸಿ ಗಂಜಿಯೂ ತುಪ್ಪವೂ ಮೇಲು. ಮುದುಕರಿಗೆ ಮಜ್ಜಿಗೆಯನ್ನವೇ ಸಾಕೆಂಬ ರೂಢಿಯೂ ಸರಿಯಲ್ಲ. ಮಾಂಸಖಂಡಗಳು ಸವೆಯುವ ಆ ವಯಸ್ಸಿನಲ್ಲಿ ಬೇಳೆ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನುಗಳು, ಮೂತ್ರಪಿಂಡದ ವ್ಯಾಧಿಯಿಲ್ಲದಿದ್ದಲ್ಲಿ, ಧಾರಾಳವಾಗಿಯೇ ಬೇಕು. ಹೀಗಿರಲು ಸಾರಿನ ತಿಳಿಯನ್ನು ಅವರಿಗೆ ಬಗ್ಗಿಸಿ ಬೇಳೆಯನ್ನು ತಾವು ಉಣ್ಣುವುದು ಪದ್ಧತಿಯಲ್ಲ.

ಮಹಾಲಯ ಪಕ್ಷದಲ್ಲಿ ಅಡಿಗೆಗೆ ಏನೇನಾಗಬೇಕೆಂದು ಕುಳಿತು ಯೋಚಿಸುವಾಗ, ಅಪ್ಪನಿಗೆ ಉದ್ದಿನ ವಡೆ ಪ್ರಿಯ, ಅಮ್ಮನಿಗೆ ಸೌತೆಕಾಯಿಯ ಕೋಸಂಬರಿ ಪ್ರಿಯ ಎಂಬ ಮಾತುಗಳು ಪ್ರತಿ ಮನೆಯಲ್ಲಿಯೂ ಕೇಳಿಬರುವುವು. ಗತಿಸಿದವರ ಇಷ್ಟಾನಿಷ್ಟಗಳು ನಮಗೆ ಇಷ್ಟು ಚೆನ್ನಾಗಿ ಗೊತ್ತು. ಬದುಕಿರುವ ತಾಯಿಗೆ ಯಾವ ತಿಂಡಿ ಇಷ್ಟವೆಂದು ನಾವು ಈಚೆಗೆ ಪರಿಚಿತರಾದ ಏಳೆಂಟು ಮಂದಿ ಗೃಹಸ್ಥರನ್ನು ಕೇಳಿದಾಗ, ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ತಲೆ ಕೆರೆದುಕೊಂಡರು. "ಅವಳಿಗೆ ಎಲ್ಲವೂ ಆಗುತ್ತದೆ" ಎಂದು ಒಬ್ಬರು. "ಅವಳಿಗೆ ತಿಂಡಿಯ ಮೇಲೆ ಆಸೆಯೇ ಇಲ್ಲ" ಎಂದು ಇನ್ನೊಬ್ಬರು. ಆ ಇನ್ನೊಬ್ಬರ ತಾಯಿಯನ್ನು ನಾವು ಬಲ್ಲೆವು. ತವರಿನ ಕಡೆಯ ಹಲಸಿನ ಕಡುಬಿನ ಮಾತೆತ್ತಿದರೆ ಆಕೆಯ ಮುಖವು ಅರಳುವುದು.

ಇಷ್ಟನ್ನು ಬರೆಯುವಾಗ ವಾಚಕರೊಬ್ಬರ ಪತ್ರವು ನಮ್ಮ ಮುಂದಿದೆ. ಅವರ ತಂದೆಗೆ ಎಪ್ಪತ್ತಾರು ವಯಸ್ಸು, ಮಧುಮೇಹವಿದೆ. ಹಬ್ಬದ ದಿನ ಎಲ್ಲರಿಗೂ ಪಾಯಸ ಬಡಿಸಿ ಅವರ ಎಲೆಯನ್ನು ದಾಟಿಸಿಕೊಂಡು ಹೋಗುವುದು ಸಂಕಟವಾಗುತ್ತದೆ, ಬಡಿಸಿದರೆ ವೈದ್ಯರು ಗದರಿಸುವರು, ಏನು ಮಾಡಬೇಕೆಂದು ಕೇಳಿರುವರು. ಪ್ರಶ್ನೆಯು ಬಹು ಮನೆಗಳದು. ಔಷಧದ ಪ್ರಮಾಣವನ್ನು ಬಲ್ಲವರು ವೈದ್ಯರು. ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಅವರನ್ನು ಕಂಡು ಎಷ್ಟು ಸಲ್ಲುವುದೆಂದು ಕೇಳಿಕೊಳ್ಳಲಿ. ಎರಡು ಚಮಚ ಪಾಯಸಕ್ಕೆ ಅನುಮತಿ ದೊರೆತರೆ ಅಂದಿನ ಅನ್ನವನ್ನು ಅಷ್ಟು ಕಡಿಮೆ ಮಾಡಬಹುದು. ಬೆಲ್ಲವನ್ನು ಹಾಕಿದರೆ ದೋಷವಿಲ್ಲವೆಂಬ ಮಾತನ್ನು ನಂಬದಿರಲಿ. ಮಧುಮೇಹಿಗೆ ಬೆಲ್ಲವೂ ಸಕ್ಕರೆಯೇ. ಅನುಮತಿ ದೊರೆಯದಿದ್ದರೆ ಅಂದು ಮನೆಯವರೆಲ್ಲರಿಗೂ ಪಾಯಸದ ಬದಲು ಅವರು ತಿನ್ನಬಹುದಾದ ಒಂದು ಭಕ್ಷ್ಯವಾಗಲಿ, ಒಳ್ಳೆಯ ಕೋಸಂಬರಿಯಾಗಲಿ, ಉಸಲಿಯಾಗಲಿ, ತಾಳಿಸಿದ ಗಟ್ಟಿ ಮಜ್ಜಿಗೆಯ ಪಳದ್ಯವಾಗಲಿ. ಮೊಮ್ಮಕ್ಕಳು ಮೊದಲು ಗೊಣಗುವರು. ಗೊಣಗಲಿ. ಪಾತ್ರೆಯನ್ನು ಅವರ ಕೈಗೇ ಕೊಟ್ಟು, ಮೊದಲು ತಾತನ ಎಲೆಗೆ ಬಡಿಸೆಂದು ಹೇಳಿ ನೋಡಿ, ಏನಾಯಿತೆಂಬುದನ್ನು ನಮಗೆ ಮುಂದಿನ ತಿಂಗಳು ಬರೆಯಲಿ.